ಮಿನೆಸೋಟ ಚಳೀಲಿ ಹೂದೋಟ: ಪದೇ ಪದೇ ಕೇಳೋ ಪ್ರಶ್ನೆಗಳು

ಮಿನಿಯಾಪೊಲಿಸ್, ಸೇಂಟ್ ಪಾಲ್, ಅದರ ಸುತ್ತ ಪ್ಲಿಮತ್, ಈಡನ್ ಪ್ರೇರಿ, ವುಡ್‌ಬರಿ, ಮೇಪಲ್ ಗ್ರೋವ್ ಕಡೆ ಮನೆ ತಗೊಂಡಿರೋ ನಮ್ಮವರು ಮೊದಲನೇ ಬೇಸಿಗೆ ಬಂದ ತಕ್ಷಣ ಕೇಳೋದೆಲ್ಲ ಒಂದು ಕಡೆ ಹಾಕಿದೀನಿ. ತರಕಾರಿ, ಕರಿಬೇವು ಇದರಲ್ಲಿ ಇಲ್ಲ, ಅದೇ ಬೇರೆ ದೊಡ್ಡ ಕತೆ. ಇದು ಬರೀ ಹೂವು ಮತ್ತೆ ಅಂದಕ್ಕೆ ಹಾಕೋ ಗಿಡಗಳ ವಿಷಯ.

ಇಲ್ಲಿ ಮೈನಸ್ 30 ಹೋಗತ್ತಲ್ಲ, ಹೊರಗೆ ಹಾಕಿದ ಹೂವಿನ ಗಿಡ ಬದುಕತ್ತಾ?

ಬದುಕತ್ತೆ, ಅಷ್ಟೇ ಅಲ್ಲ, ಎಷ್ಟೋ ಗಿಡಗಳಿಗೆ ಈ ಚಳಿ ಬೇಕೇ ಬೇಕು. ಪಿಯೋನಿ, ಲೈಲಾಕ್, ಟ್ಯುಲಿಪ್ ಇವೆಲ್ಲ ಬೆಂಗಳೂರಲ್ಲಿ ಯಾಕೆ ಸರಿಯಾಗಿ ಆಗಲ್ಲ ಅಂದ್ರೆ ಅಲ್ಲಿ ಚಳಿಗಾಲ ಅಂತ ಹೇಳ್ಕೊಳೋ ಅಷ್ಟು ಚಳಿ ಇಲ್ಲ, ಮೊಗ್ಗು ಏಳಕ್ಕೆ ಮುಂಚೆ ಅವುಗಳಿಗೆ ವಾರಗಟ್ಟಲೆ ಕೊರೆಯೋ ತಂಪು ಬೇಕು. 2019ರ ಜನವರಿ 30ಕ್ಕೆ ಮಿನಿಯಾಪೊಲಿಸ್ ಏರ್‌ಪೋರ್ಟಲ್ಲಿ ಮೈನಸ್ 28 ಫ್ಯಾರನ್‌ಹೀಟ್ ಆಗಿತ್ತು, ಅಂದ್ರೆ ಮೈನಸ್ 33 ಸೆಲ್ಸಿಯಸ್, ಆ ವರ್ಷ ಜೂನ್‌ನಲ್ಲೂ ಪಿಯೋನಿ ತಲೆ ಎತ್ತಕ್ಕಾಗದಷ್ಟು ಹೂ ಬಿಟ್ಟಿತ್ತು. ಗಿಡಗಳಿಗೆ ಜನವರಿಗಿಂತ ಮಾರ್ಚ್ ಅಪಾಯ. ಹಗಲು ಕರಗತ್ತೆ, ರಾತ್ರಿ ಹೆಪ್ಪುಗಟ್ಟತ್ತೆ, ಮತ್ತೆ ಕರಗತ್ತೆ, ಆ ಏರಿಳಿತದಲ್ಲಿ ಮಣ್ಣು ಉಬ್ಬಿ ಗಿಡದ ಬೇರನ್ನೇ ಮೇಲಕ್ಕೆ ಎತ್ತಿ ಹಾಕಿಬಿಡತ್ತೆ.

ಸ್ನೋ ಅಂತೂ ಗಿಡಕ್ಕೆ ಕಂಬಳಿ. ಒಂದಡಿ ಸ್ನೋ ಕೂತಿದ್ರೆ ಮೇಲೆ ಏನೇ ಇರಲಿ, ಕೆಳಗೆ ಮಣ್ಣು ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲೇ ಇರತ್ತೆ. ಸ್ನೋ ಇಲ್ಲದೇ ಬರೀ ಚಳಿ ಬಿದ್ದ ವರ್ಷ ನೋಡಿ, ಆವಾಗ ಗಿಡ ಹೋಗೋದು.

ಗಿಡದ ಟ್ಯಾಗ್ ಮೇಲೆ ಝೋನ್ 4, ಝೋನ್ 5 ಅಂತ ಬರ್ದಿರ್ತಾರಲ್ಲ, ಅದೇನು?

ಅಮೆರಿಕದ ಕೃಷಿ ಇಲಾಖೆಯ ಮ್ಯಾಪ್ ಅದು. ನಿಮ್ಮ ಊರಲ್ಲಿ ಪ್ರತಿ ಚಳಿಗಾಲದ ಅತೀ ಕಮ್ಮಿ ಉಷ್ಣಾಂಶ ಎಷ್ಟು ಹೋಗತ್ತೆ ಅಂತ 30 ವರ್ಷದ ಸರಾಸರಿ ತೆಗೆದು ಝೋನ್ ಮಾಡಿದಾರೆ. ಝೋನ್ 4 ಅಂದ್ರೆ ಮೈನಸ್ 30ರಿಂದ ಮೈನಸ್ 20 ಫ್ಯಾರನ್‌ಹೀಟ್, ನಂಬರ್ ಕಮ್ಮಿ ಆದಷ್ಟೂ ಚಳಿ ಜಾಸ್ತಿ. 2023ರ ನವೆಂಬರ್‌ನಲ್ಲಿ ಹೊಸ ಮ್ಯಾಪ್ ಬಂತು, 1991ರಿಂದ 2020ರ ಲೆಕ್ಕದ ಮೇಲೆ, ಅದರಲ್ಲಿ ಟ್ವಿನ್ ಸಿಟೀಸ್, ಅಂದ್ರೆ ಮಿನಿಯಾಪೊಲಿಸ್-ಸೇಂಟ್ ಪಾಲ್‌ನ ಒಳಭಾಗ ಝೋನ್ 5ಎಗೆ ಬಡ್ತಿ ಪಡೀತು. ಅಂಗಡಿಯವರಿಗೆ ಖುಷಿ. ನನ್ನ ಕೇಳಿದ್ರೆ ದುಡ್ಡು ಕೊಟ್ಟು ತಗೊಳೋ ಮರ, ಪೊದೆಗಿಡ ಎಲ್ಲ ಝೋನ್ 4 ಇಲ್ಲ 3 ಅಂತ ಇದ್ರೆ ಮಾತ್ರ ತಗೊಳಿ, ಯಾಕಂದ್ರೆ ಸರಾಸರಿ ಅನ್ನೋದು ಸರಾಸರಿ ಅಷ್ಟೇ, ಗಿಡ ಸಾಯಕ್ಕೆ ಒಂದೇ ಒಂದು ಕೆಟ್ಟ ರಾತ್ರಿ ಸಾಕು. ಇನ್ನೊಂದು ವಿಷಯ, ದೊಡ್ಡ ದೊಡ್ಡ ಅಂಗಡಿಗಳ ಹೊರಗೆ ಮೇ ತಿಂಗಳಲ್ಲಿ ರಾಶಿ ಹಾಕಿರೋ ಗಿಡ ಎಲ್ಲ ಇಲ್ಲಿಗೆ ಸರಿಹೋಗತ್ತೆ ಅಂತ ಅನ್ಕೋಬೇಡಿ. ಟ್ಯಾಗ್ ತಿರುಗಿಸಿ ಓದಿ.

ಏಪ್ರಿಲ್‌ನಲ್ಲಿ ಬಿಸಿಲು ಬಂತು, 70 ಡಿಗ್ರಿ ಫ್ಯಾರನ್‌ಹೀಟ್ ಆಯ್ತು, ಈಗ ನೆಡಬಹುದಾ?

ಬೇಡ. ಚೆಂಡು ಹೂ, ಪೆಟೂನಿಯ, ಝಿನಿಯ, ಇಂಪೇಶನ್ಸ್ ತರ ಒಂದೇ ಸೀಸನ್ನಿನ ಗಿಡಗಳನ್ನ ಮದರ್ಸ್ ಡೇ (ಮೇ ಎರಡನೇ ಭಾನುವಾರ) ಆದ್ಮೇಲೆ, ನಿದಾನಸ್ಥರಾದ್ರೆ ಮೆಮೋರಿಯಲ್ ಡೇ (ಮೇ ಕೊನೇ ಸೋಮವಾರ) ಹೊತ್ತಿಗೆ ನೆಡೋದು ಇಲ್ಲಿನ ರೂಢಿ. 2013ರಲ್ಲಿ ಮೇ ಮೊದಲನೇ ವಾರ ಮಿನೆಸೋಟದ ರಾಚೆಸ್ಟರ್ ಕಡೆ ಒಂದಡಿಗಿಂತ ಜಾಸ್ತಿ ಸ್ನೋ ಬಿದ್ದಿತ್ತು, ಅದನ್ನ ನೆನಪಿಟ್ಕೊಳಿ. ವರ್ಷ ವರ್ಷ ಅದೇ ಬುಡದಿಂದ ಬರೋ ಪೆರೆನಿಯಲ್‌ಗಳನ್ನ ಬೇಕಾದ್ರೆ ಮೇ ಶುರುವಲ್ಲೇ ಹಾಕಿ. ಒಳಗೆ ಬೆಳೆಸಿದ ಸಸಿ ಆದ್ರೆ ಒಂದು ವಾರ ದಿನಾ ಒಂದೆರಡು ಗಂಟೆ ಹೊರಗಿಟ್ಟು, ಗಾಳಿ ಬಿಸಿಲು ಅಭ್ಯಾಸ ಮಾಡಿಸಿ ಆಮೇಲೆ ನೆಲಕ್ಕೆ. ಅಗೆಯಕ್ಕೆ ಮುಂಚೆ 811ಗೆ ಫೋನ್ ಮಾಡಿ, ಗ್ಯಾಸ್, ಕೇಬಲ್ ಲೈನ್ ಎಲ್ಲಿದೆ ಅಂತ ಬಂದು ಫ್ರೀಯಾಗಿ ಗುರುತು ಹಾಕಿ ಹೋಗ್ತಾರೆ.

ಮಲ್ಲಿಗೆ ಹಾಕ್ಬೋದಾ?

ಕುಂಡದಲ್ಲಿ ಹಾಕ್ಬೋದು, ನೆಲದಲ್ಲಿ ಆಗಲ್ಲ. ಝೋನ್ 4ರಲ್ಲಿ ಹೊರಗೆ ಚಳಿಗಾಲ ಕಳೆಯೋ ಮಲ್ಲಿಗೆ ಯಾವುದೂ ಇಲ್ಲ, ಯಾರಾದ್ರೂ ಇದೆ ಅಂತ ಮಾರಿದ್ರೆ ಅದು ಬೇರೆ ಗಿಡ. ದುಂಡು ಮಲ್ಲಿಗೆಯನ್ನ ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಡೆಕ್ ಮೇಲೆ ಪೂರ್ತಿ ಬಿಸಿಲಲ್ಲಿಡಿ, ರಾತ್ರಿ 50 ಫ್ಯಾರನ್‌ಹೀಟ್‌ಗಿಂತ ಕೆಳಗೆ ಬರಕ್ಕೆ ಶುರುವಾದ ಕೂಡ್ಲೇ ಒಳಗೆ ತಗೊಳಿ. ಒಳಗೆ ತರೋಕೆ ಮುಂಚೆ ಎಲೆ ಅಡಿಭಾಗ ಎಲ್ಲ ನೀರು ಬಡಿದು ಚೆನ್ನಾಗಿ ತೊಳೀರಿ. ಹೀಟರ್ ಹಾಕಿದ ಮನೆಯ ಒಣ ಗಾಳೀಲಿ ಸ್ಪೈಡರ್ ಮೈಟ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಹಬ್ಬಿಬಿಡತ್ತೆ, ಎಲೆ ಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡ್ರೆ ಅದೇ. ಚಳಿಗಾಲ ಪೂರ್ತಿ ದಕ್ಷಿಣದ ಕಿಟಕಿ, ಕಮ್ಮಿ ನೀರು, ಗೊಬ್ಬರ ಬೇಡವೇ ಬೇಡ. ಮಾರ್ಚ್ ಕೊನೇಲಿ ಧೈರ್ಯವಾಗಿ ಕತ್ತರಿಸಿ, ಹೂವು ಬರೋದು ಹೊಸ ಚಿಗುರಲ್ಲೇ.

ಘಮ ಬೇಕು, ಆದ್ರೆ ಒಳಗೆ ಹೊರಗೆ ಎತ್ತಾಡಕ್ಕೆ ಆಗಲ್ಲ ಅನ್ನೋರು ಮಾಕ್ ಆರೆಂಜ್ ಹಾಕಿ. ಮಿನೆಸೋಟ ಸ್ನೋಫ್ಲೇಕ್ ಅಂತ ಒಂದು ತಳಿ ಇದೆ, ಜೂನ್‌ನಲ್ಲಿ ಬಿಳೀ ಸುತ್ತಿನ ಹೂವು, ಸಂಜೆ ಹೊತ್ತು ಹತ್ರ ಹೋದ್ರೆ ಕಣ್ಣು ಮುಚ್ಚಿ ನಿಂತ್ಕೋಬೇಕು ಅನ್ಸತ್ತೆ. ಮಲ್ಲಿಗೆ ಅಲ್ಲ, ಮುಡಿಯಕ್ಕೂ ಆಗಲ್ಲ, ಆದ್ರೂ.

ಮತ್ತೆ ದಾಸವಾಳ?

ಇದಕ್ಕೆ ಒಳ್ಳೆ ಸುದ್ದಿ ಇದೆ. ನಮ್ಮ ಊರಿನ ದಾಸವಾಳ ಮಲ್ಲಿಗೆ ತರಾನೇ ಕುಂಡದ ಗಿರಾಕಿ, ಆದ್ರೆ ಅದರ ಅಮೆರಿಕದ ನೆಂಟ ಒಂದಿದೆ, ಹಾರ್ಡಿ ಹೈಬಿಸ್ಕಸ್ ಅಂತ ಮಾರ್ತಾರೆ, ಝೋನ್ 4ರಲ್ಲಿ ಆರಾಮಾಗಿ ಬದುಕತ್ತೆ. ಆಗಸ್ಟ್‌ನಲ್ಲಿ ಊಟದ ತಟ್ಟೆ ಅಗಲದ ಹೂವು, ಕೆಂಪು, ಗುಲಾಬಿ, ಬಿಳಿ. ಒಂದು ಹೂವಿಟ್ರೆ ದೇವರ ಪಟಾನೇ ಮುಚ್ಚಿಹೋಗತ್ತೆ. ಚಳಿಗಾಲದಲ್ಲಿ ಇದು ನೆಲದ ಮಟ್ಟಕ್ಕೆ ಪೂರ್ತಿ ಒಣಗತ್ತೆ, ಬೇರು ಮಾತ್ರ ಉಳಿಯತ್ತೆ, ಮತ್ತೆ ಚಿಗುರೋದು ಎಲ್ಲದಕ್ಕಿಂತ ತಡ, ಮೇ ಕೊನೆ ಅಥವಾ ಜೂನ್. ಸತ್ತೋಯ್ತು ಅಂತ ಮೇ ಮಧ್ಯದಲ್ಲಿ ಕಿತ್ತು ಬಿಸಾಕೋರೇ ಜಾಸ್ತಿ, ಹಳೇ ಒಣಕಡ್ಡೀನ ಒಂದು ಗೇಣು ಬಿಟ್ಟು ಕತ್ತರಿಸಿ, ಜಾಗ ಗುರುತಿಗಿರತ್ತೆ. ನೀರು ಮಾತ್ರ ಧಾರಾಳವಾಗಿ ಬೇಕು.

ಹಬ್ಬಗಳಿಗೆ ಮನೆ ಹೂವು ಬೇಕು ಅಂದ್ರೆ ಏನು ಹಾಕ್ಬೇಕು?

ವರಮಹಾಲಕ್ಷ್ಮಿ, ಗೌರಿ ಗಣೇಶ ಹೊತ್ತಿಗೆ ಇಲ್ಲಿ ತೋಟ ತುಂಬಿರತ್ತೆ, ಚಿಂತೆ ಇಲ್ಲ. ಚೆಂಡು ಹೂ, ಝಿನಿಯ, ಕರ್ಣಕುಂಡಲ, ಡೇಲಿಯ, ಬಿಳೀ ಫ್ಲಾಕ್ಸ್. ಶಂಖಪುಷ್ಪಾನೂ ಒಂದು ಸೀಸನ್ ಬಳ್ಳಿ ತರ ಬರತ್ತೆ, ಮಾರ್ಚ್ ಕೊನೇಲಿ ಬೀಜ ನೆನೆಸಿ ಒಳಗೆ ಲೈಟ್ ಕೆಳಗೆ ಹಾಕಿ. ಚೆಂಡು ಹೂವಿನ ಬೀಜಾನ ಏಪ್ರಿಲ್ ಮಧ್ಯದಲ್ಲಿ ಹಾಕಿದ್ರೆ ಸಾಕು.

ದಸರಾಗೆ ಸೇವಂತಿಗೆ. ಸೆಪ್ಟೆಂಬರ್‌ನಲ್ಲಿ ಎಲ್ಲ ಅಂಗಡಿ ಮುಂದೆ ಗುಂಡಗೆ ತುಂಬಿಕೊಂಡಿರೋ ಸೇವಂತಿಗೆ ಕುಂಡ ಇಟ್ಟಿರ್ತಾರಲ್ಲ, ಅದನ್ನ ಆಗ ನೆಲಕ್ಕೆ ಹಾಕಿದ್ರೆ ಬೇರು ಬಿಡಕ್ಕೆ ಟೈಮೇ ಇಲ್ಲದೆ ಚಳಿಗಾಲದಲ್ಲಿ ಹೋಗತ್ತೆ. ವರ್ಷ ವರ್ಷ ಬರ್ಬೇಕು ಅಂದ್ರೆ ಮಿನೆಸೋಟ ಯೂನಿವರ್ಸಿಟಿಯವರು ಚಳಿಗೆ ಅಂತಲೇ ತಯಾರು ಮಾಡಿರೋ ತಳಿ ಹುಡುಕಿ ವಸಂತದಲ್ಲಿ ನೆಡಿ, ಜುಲೈ ಮೊದಲ ವಾರದವರೆಗೆ ತುದಿ ಚಿವುಟ್ತಾ ಇರಿ, ಕವಲು ಜಾಸ್ತಿ ಬಂದು ಹೂವೂ ಜಾಸ್ತಿ ಆಗತ್ತೆ.

ದೀಪಾವಳಿಗೆ ಏನೂ ಇರಲ್ಲ. ಅಂಗಡಿ ಹೂವೇ ಗತಿ, ಇಲ್ಲಾಂದ್ರೆ ಚೆಂಡು ಹೂವನ್ನ ಮೊದಲನೇ ಫ್ರಾಸ್ಟ್‌ಗೆ (ರಾತ್ರಿ ಬೀಳೋ ಹಿಮಮಂಜಿಗೆ) ಮುಂಚೆ, ಅಂದ್ರೆ ಅಕ್ಟೋಬರ್ ಶುರುವಲ್ಲಿ ಕಿತ್ತು ದಾರಕ್ಕೆ ಪೋಣಿಸಿ ಒಣಗಿಸಿಟ್ರೆ ತೋರಣಕ್ಕೆ ಪರ್ವಾಗಿಲ್ಲ, ಬಣ್ಣ ಉಳಿಯತ್ತೆ.

ಹಳದಿ ಗುಲಾಬಿ ಹಾಕಿದ್ವಿ, ಎರಡನೇ ವರ್ಷ ಅದೇ ಗಿಡದಲ್ಲಿ ಕಡುಗೆಂಪು ಹೂ ಬಂತು. ಹೇಗೆ?

ನೀವು ತಗೊಂಡಿದ್ದು ಕಸಿ ಗಿಡ. ಮೇಲಿನ ಹಳದಿ ತಳಿ ಚಳಿಗೆ ಸತ್ತಿದೆ, ಕೆಳಗಿನ ಬೇರಿನ ತಳಿ ಬದುಕಿ ಚಿಗುರಿದೆ. ಡಾಕ್ಟರ್ ಹ್ಯೂಯಿ ಅಂತ ಒಂದು ಕೆಂಪು ಗುಲಾಬಿ ಇದೆ, ಅಮೆರಿಕದಲ್ಲಿ ಕಸಿ ಕಟ್ಟಕ್ಕೆ ಅದನ್ನೇ ಜಾಸ್ತಿ ಬಳಸೋದು, ನಿಮ್ಮ ಮನೆಗೆ ಬಂದಿರೋ ಅತಿಥಿ ಬಹುಶಃ ಅದೇ.

ಹೈಬ್ರಿಡ್ ಟೀ ಗುಲಾಬಿ, ಅಂದ್ರೆ ಲಾಲ್‌ಬಾಗ್ ಫ್ಲವರ್ ಶೋನಲ್ಲಿ ನೋಡೋ ತರ ಉದ್ದ ಕಾಂಡಕ್ಕೆ ಒಂದೇ ದೊಡ್ಡ ಹೂವು ಬೇಕೇ ಬೇಕು ಅನ್ನೋರಿಗೆ ಇಲ್ಲೊಂದು ಪದ್ಧತಿ ಇದೆ, ಹೆಸರೇ ಮಿನೆಸೋಟ ಟಿಪ್. ಅಕ್ಟೋಬರ್ ಮಧ್ಯದಲ್ಲಿ ಗಿಡದ ಕೊಂಬೆ ಎಲ್ಲ ಸೇರಿಸಿ ಹಗ್ಗದಲ್ಲಿ ಕಟ್ಟಿ, ಒಂದು ಪಕ್ಕ ಗಿಡದಷ್ಟೇ ಉದ್ದದ ಗುಂಡಿ ತೆಗೆದು, ಇನ್ನೊಂದು ಪಕ್ಕ ಫೋರ್ಕ್ ಹಾಕಿ ಬೇರು ಸಡಿಲ ಮಾಡಿ, ಇಡೀ ಗಿಡಾನ ಬುಡದಿಂದ ಮೆಲ್ಲಗೆ ಬಗ್ಗಿಸಿ ಗುಂಡಿಯೊಳಗೆ ಮಲಗಿಸಿ, ಮಣ್ಣು ಮುಚ್ಚಿ ಅದರ ಮೇಲೆ ಒಣ ಎಲೆ ಹೇರೋದು. ಏಪ್ರಿಲ್‌ನಲ್ಲಿ ಎಬ್ಬಿಸಿ ನಿಲ್ಲಿಸೋದು. ಬಗ್ಗಿಸಬೇಕಾದ್ದು ಬೇರಿನ ಹತ್ರ, ಕೊಂಬೆ ಅಲ್ಲ, ಕೊಂಬೆ ಬಗ್ಗಿಸಿದ್ರೆ ಲಟಕ್ ಅನ್ನತ್ತೆ. ಮುಳ್ಳಿನ ಕೈಗವಸು ಇಲ್ಲದೆ ಆ ಕಡೆ ತಲೆ ಹಾಕ್ಬೇಡಿ. ಸೊಂಟ ಗಟ್ಟಿ ಇದ್ದೋರಿಗೆ ಇದೊಂದು ಹಬ್ಬ, ನಮ್ಮಂಥೋರಿಗೆ ಅಲ್ಲ.

ಸುಲಭದ ದಾರಿ ಅಂದ್ರೆ ಸ್ವಂತ ಬೇರಿನ, ಚಳಿ ತಡೆಯೋ ತಳಿ ತಗೊಳೋದು. ಕೆನಡಾ ಸರ್ಕಾರದ ಸಂಶೋಧಕರು ಬೆಳೆಸಿದ ಎಕ್ಸ್‌ಪ್ಲೋರರ್ ಗುಲಾಬಿಗಳು, ಅದರಲ್ಲಿ ವಿಲಿಯಂ ಬ್ಯಾಫಿನ್ ಅನ್ನೋದು ಕಮಾನಿಗೆ ಹಬ್ಬಿಸಕ್ಕೆ ಸೊಗಸು, ಮ್ಯಾನಿಟೋಬದ ಮಾರ್ಡನ್‌ನಿಂದ ಬಂದ ಮಾರ್ಡನ್ ಬ್ಲಶ್, ಇನ್ನು ಹಾನ್ಸಾ ತರದ ರುಗೋಸ ಗುಲಾಬಿಗಳು, ಇವ್ಯಾವುದಕ್ಕೂ ಮಣ್ಣಲ್ಲಿ ಹೂಳೋ ಕೆಲಸ ಇಲ್ಲ. ರುಗೋಸಾದ ವಾಸನೆ ನಮ್ಮ ಕಡೆ ಪನ್ನೀರು ಗುಲಾಬಿ ನೆನಪಿಸತ್ತೆ. ಕೊಳ್ಳೋಕೆ ಮುಂಚೆ ಕಣ್ಣಲ್ಲಿ ನೋಡ್ಬೇಕು ಅಂದ್ರೆ ಜೂನ್ ಕೊನೇಲಿ ಲೇಕ್ ಹ್ಯಾರಿಯೆಟ್ ಪಕ್ಕದ ಲಿಂಡೇಲ್ ಪಾರ್ಕ್ ಗುಲಾಬಿ ತೋಟಕ್ಕೆ ಹೋಗಿ, ಅಮೆರಿಕದ ಅತೀ ಹಳೇ ಸಾರ್ವಜನಿಕ ಗುಲಾಬಿ ತೋಟಗಳಲ್ಲಿ ಅದೂ ಒಂದು, ಮಿನಿಯಾಪೊಲಿಸ್ ಪಾರ್ಕ್‌ಗಳ ಮುಖ್ಯಸ್ಥರಾಗಿದ್ದ ಥಿಯೋಡೋರ್ ವಿರ್ತ್ ಕಾಲದ್ದು, ಟಿಕೆಟ್ ಇಲ್ಲ.

ಹೈಡ್ರೇಂಜ ಎಲೆ ಮಾತ್ರ ಬಿಡ್ತಿದೆ, ಹೂವೇ ಇಲ್ಲ. ಗೊಬ್ಬರ ಕಮ್ಮಿ ಆಯ್ತಾ?

ಗೊಬ್ಬರ ಅಲ್ಲ, ಜಾತಿ. ಫೋಟೋಗಳಲ್ಲಿ ನೋಡೋ ನೀಲಿ ಗುಂಡು ಹೂವಿನ ಹೈಡ್ರೇಂಜ ಮುಂದಿನ ವರ್ಷದ ಮೊಗ್ಗನ್ನ ಹಿಂದಿನ ವರ್ಷದ ಕಡ್ಡೀಲೇ ಇಟ್ಕೊಂಡಿರತ್ತೆ. ಇಲ್ಲಿನ ಚಳಿಗೆ ಆ ಕಡ್ಡಿ ಸಾಯತ್ತೆ, ಬುಡದಿಂದ ಹೊಸ ಚಿಗುರು ಬರತ್ತೆ, ಹಸಿರು ದಂಡಿಯಾಗಿ ಇರತ್ತೆ, ಹೂವು ಇರಲ್ಲ. 2004ರಲ್ಲಿ ಎಂಡ್‌ಲೆಸ್ ಸಮ್ಮರ್ ಅಂತ ಒಂದು ತಳಿ ಬಂತು, ಹಳೇ ಕಡ್ಡಿ ಹೊಸ ಕಡ್ಡಿ ಎರಡರಲ್ಲೂ ಹೂ ಬಿಡೋದು, ಅದನ್ನ ಹಾಕಿದ್ರೆ ಸ್ವಲ್ಪ ಆಸೆ ಇಟ್ಕೋಬೋದು, ಆದ್ರೂ ಇಲ್ಲಿ ಬೇಸಿಗೆ ಮುಗಿಯೋ ಹೊತ್ತಿಗೆ ನಾಲ್ಕು ಹೂ ಕಂಡ್ರೆ ಪುಣ್ಯ ಅನ್ನೋ ವರ್ಷಗಳೂ ಉಂಟು. ನೀಲಿ ಬಣ್ಣದ್ದು ಇನ್ನೊಂದು ತಲೆನೋವು, ಮಣ್ಣು ಹುಳಿ ಇದ್ದು ಅಲ್ಯೂಮಿನಿಯಂ ಗಿಡಕ್ಕೆ ಸಿಕ್ಕಿದ್ರೆ ಮಾತ್ರ ನೀಲಿ, ಇಲ್ಲಾಂದ್ರೆ ಗುಲಾಬಿ ಬಣ್ಣಕ್ಕೆ ತಿರುಗತ್ತೆ.

ಅನಾಬೆಲ್ ಅಥವಾ ಲೈಮ್‌ಲೈಟ್ ಅನ್ನೋ ಹೈಡ್ರೇಂಜ ಹಾಕಿ. ಎರಡೂ ಝೋನ್ 3ಕ್ಕೇ ಸೈ, ಎರಡೂ ಅದೇ ವರ್ಷದ ಹೊಸ ಚಿಗುರಲ್ಲಿ ಹೂ ಬಿಡ್ತವೆ, ಹಾಗಾಗಿ ಚಳಿ ಎಷ್ಟೇ ಕಡ್ಡಿ ತಿಂದ್ರೂ ಲೆಕ್ಕಕ್ಕಿಲ್ಲ. ಬಿಳಿ, ತಿಳಿಹಸಿರು, ಆಮೇಲೆ ಸೆಪ್ಟೆಂಬರ್‌ನಲ್ಲಿ ತಿಳಿಗುಲಾಬಿ. ನೀಲಿ ಆಸೆ ಬಿಟ್ಟುಬಿಡಿ ಅಂತಲೇ ನಾನು ಎಲ್ಲರಿಗೂ ಹೇಳೋದು, ಯಾರೂ ಕೇಳಲ್ಲ.

ಟ್ಯುಲಿಪ್ ಯಾವಾಗ ಹಾಕೋದು? ಅಳಿಲು ತಿಂದ್ಹಾಕ್ತಿದೆ.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಪೂರ್ತಿ, ನೆಲ ಹೆಪ್ಪುಗಟ್ಟೋಕೆ ಮುಂಚೆ. ಆರರಿಂದ ಎಂಟು ಇಂಚು ಆಳ, ಚೂಪು ತುದಿ ಮೇಲಕ್ಕೆ. ಅಳಿಲಿಗೆ ಅಗೆದ ಮಣ್ಣಿನ ವಾಸನೆ ಸಾಕು, ಮೇಲೆ ಕೋಳಿ ಬಲೆ ಹಾಸಿ ಮುಚ್ಚಿ, ಗೆಡ್ಡೆಯ ಸಿಪ್ಪೆ ಚೂರು ಅಲ್ಲಿ ಬೀಳದ ಹಾಗೆ ನೋಡ್ಕೊಳಿ. ಅದಕ್ಕಿಂತ ಸುಖ ಡ್ಯಾಫೋಡಿಲ್, ಅದು ವಿಷ, ಅಳಿಲು, ಜಿಂಕೆ, ಮೊಲ ಯಾರೂ ಮುಟ್ಟಲ್ಲ. ಟ್ಯುಲಿಪ್ ಎರಡು ಮೂರು ವರ್ಷಕ್ಕೆ ಸೊರಗತ್ತೆ, ಅದು ನಿಮ್ಮ ತಪ್ಪಲ್ಲ. ಊರಿಗೆ ಗೆಡ್ಡೆ ತಗೊಂಡು ಹೋಗಿ ಮೈಸೂರಲ್ಲಿ ಹಾಕ್ತೀನಿ ಅನ್ನೋರಿಗೆ ಒಂದು ಮಾತು, ಭಾರತದಲ್ಲಿ ಟ್ಯುಲಿಪ್ ತೋಟ ಅಂದ್ರೆ ಶ್ರೀನಗರದ್ದು, ಅಲ್ಲಿ ಚಳಿ ಇದೆ ಅದಕ್ಕೇ ಆಗತ್ತೆ.

ಪಿಯೋನಿ ಮೊಗ್ಗಿಗೆ ಇರುವೆ ಮುತ್ತಿದೆ, ಔಷಧಿ ಹೊಡೀಲಾ?

ಬೇಡ. ಮೊಗ್ಗಿನ ಮೇಲೆ ಸಿಹಿ ರಸ ಇರತ್ತೆ, ಅದಕ್ಕೆ ಬರೋದು, ಗಿಡಕ್ಕೆ ತೊಂದ್ರೆ ಇಲ್ಲ. ಪಿಯೋನಿ ಹೂ ಬಿಡ್ತಿಲ್ಲ ಅಂದ್ರೆ ಆಳ ನೋಡಿ, ಬುಡದ ಕೆಂಪು ಮೊಳಕೆ ಎರಡು ಇಂಚಿಗಿಂತ ಕೆಳಗೆ ಹೋಗಿದ್ರೆ ಬರೀ ಎಲೆ.

ಚಳಿಗಾಲಕ್ಕೆ ಮುಂಚೆ ಏನೇನು ಮಾಡ್ಬೇಕು?

ನೆಲ ಹೆಪ್ಪುಗಟ್ಟೋವರೆಗೂ ಹೊಸ ಗಿಡ, ಮರಕ್ಕೆ ನೀರು ಹಾಕ್ತಾ ಇರಿ, ಇದನ್ನ ಮರೆಯೋರೇ ಎಲ್ಲ. ಡೇಲಿಯ, ಗ್ಲಾಡಿಯೋಲಸ್, ಕ್ಯಾನಾ ಗೆಡ್ಡೆಗಳನ್ನ ಫ್ರಾಸ್ಟ್‌ಗೆ ಎಲೆ ಕಪ್ಪಾದ ಮೇಲೆ ಅಗೆದು, ಬೇಸ್‌ಮೆಂಟಿನ ತಣ್ಣಗಿರೋ ಮೂಲೇಲಿ ವರ್ಮಿಕ್ಯುಲೈಟ್ (ಗಿಡಕ್ಕೆ ಬಳಸೋ ಹಗುರ ಖನಿಜದ ಹರಳು) ತುಂಬಿದ ಡಬ್ಬೀಲಿಡಿ, ಹೆಪ್ಪುಗಟ್ಟಬಾರದು, ಬೆಚ್ಚಗೂ ಇರಬಾರದು. ಹೊರಗಿನ ನಲ್ಲಿಯಿಂದ ಪೈಪ್ ಬಿಚ್ಚಿ, ಇಲ್ಲಾಂದ್ರೆ ಒಳಗೆ ನೀರು ಹೆಪ್ಪುಗಟ್ಟಿ ಗೋಡೆಯೊಳಗೇ ಪೈಪ್ ಒಡೆಯತ್ತೆ, ತೋಟದ ಖರ್ಚಿಗಿಂತ ಪ್ಲಂಬರ್ ಖರ್ಚು ಜಾಸ್ತಿ ಆಗತ್ತೆ.

ಒಣ ಎಲೆ, ಹುಲ್ಲು ಮುಚ್ಚೋದು ನೆಲ ಹೆಪ್ಪುಗಟ್ಟಿದ ಮೇಲೆ, ಮುಂಚೆ ಅಲ್ಲ. ಎಲ್ಲರೂ ಬೆಚ್ಚಗಿರಲಿ ಅಂತ ಅಕ್ಟೋಬರ್‌ನಲ್ಲೇ ಮುಚ್ತಾರೆ, ಇಲಿಗಳು ಬಂದು ಸಂಸಾರ ಹೂಡ್ತವೆ. ಮುಚ್ಚೋ ಉದ್ದೇಶ ಬೆಚ್ಚಗಿಡೋದಲ್ಲ, ತಣ್ಣಗಿರೋದನ್ನ ತಣ್ಣಗೇ ಇಡೋದು, ಮಾರ್ಚ್‌ನ ಕರಗೋ ಹೆಪ್ಪುಗಟ್ಟೋ ಆಟ ಬೇರಿನವರೆಗೆ ಹೋಗಬಾರದು ಅಂತ.

ವಸಂತದಲ್ಲಿ ಎವರ್‌ಗ್ರೀನ್ ಗಿಡ ಒಂದೇ ಕಡೆ ಕಂದು ಆಗಿದೆ. ರೋಗಾನಾ?

ದಕ್ಷಿಣ ಇಲ್ಲ ಪಶ್ಚಿಮ ಕಡೆ ಆಗಿದ್ರೆ ರೋಗ ಅಲ್ಲ, ಚಳಿಗಾಲದ ಬಿಸಿಲು ಮತ್ತೆ ಗಾಳಿ. ಎಲೆ ನೀರು ಕಳ್ಕೊಳತ್ತೆ, ಬೇರು ಇರೋ ಮಣ್ಣು ಕಲ್ಲಾಗಿರತ್ತೆ, ನೀರು ಎಳ್ಕೊಳಕ್ಕಾಗಲ್ಲ. ಆರ್ಬೋರ್ವಿಟೆ, ಯೂ, ಕುಳ್ಳ ಆಲ್ಬರ್ಟ ಸ್ಪ್ರೂಸ್ ಇವಕ್ಕೆ ಜಾಸ್ತಿ. ನವೆಂಬರ್‌ನಲ್ಲಿ ಕಂಬ ನೆಟ್ಟು ಗೋಣಿಬಟ್ಟೆ ಪರದೆ ಕಟ್ಟಿ. ಜೂನ್‌ವರೆಗೆ ಕಾಯಿರಿ, ಮೊಗ್ಗು ಜೀವ ಇದ್ರೆ ಮತ್ತೆ ಹಸಿರಾಗತ್ತೆ. ರಸ್ತೆ ಪಕ್ಕ ಮಾತ್ರ ಕಂದು ಆಗಿದ್ರೆ ಅದು ರಸ್ತೆಗೆ ಹಾಕೋ ಉಪ್ಪು, ಅಲ್ಲಿ ಬೇರೆ ಏನಾದ್ರೂ ಹಾಕಿ.

ಮೊಲ, ಜಿಂಕೆ?

ಮೊಲ ಚಳಿಗಾಲದಲ್ಲಿ ಸ್ನೋ ಮೇಲೆ ನಿಂತ್ಕೊಂಡು ಕಾಂಡದ ತೊಗಟೆ ಸುತ್ತ ತಿನ್ನತ್ತೆ, ಹಾಗಾಗಿ ತಂತಿ ಬಲೆ ನೆಲದಿಂದಲ್ಲ, ಸ್ನೋ ಮಟ್ಟದಿಂದ ಎರಡಡಿ ಮೇಲೆ ಬರಬೇಕು. ಜಿಂಕೆಗೆ ಹೋಸ್ಟಾ, ಟ್ಯುಲಿಪ್ ಅಂದ್ರೆ ಪ್ರಾಣ. ಅದು ಬರೋ ಏರಿಯಾ ಆದ್ರೆ ಹೋಸ್ಟಾ ಬಿಡಿ, ಅಲಿಯಂ, ಕ್ಯಾಟ್‌ಮಿಂಟ್, ರಷಿಯನ್ ಸೇಜ್ ಹಾಕಿ.

ಜುಲೈನಲ್ಲಿ ತಾಮ್ರದ ಬಣ್ಣದ ಹುಳ ಗುಲಾಬಿ ಎಲೆ ಜರಡಿ ಮಾಡ್ತಿದೆ.

ಜಪಾನೀಸ್ ಬೀಟಲ್. ಬೆಳಗ್ಗೆ ಹೊತ್ತು ಮಂಕಾಗಿರ್ತವೆ, ಸೋಪು ನೀರಿನ ಬಕೆಟ್ ಕೆಳಗೆ ಹಿಡಿದು ಕೊಂಬೆ ಕುಟ್ಟಿ, ಬೀಳ್ತವೆ. ಅಂಗಡೀಲಿ ಮಾರೋ ಟ್ರ್ಯಾಪ್ ತಗೋಬೇಡಿ, ಪಕ್ಕದ ಮನೆ ಹುಳನೂ ನಿಮ್ಮನೆಗೆ ಕರ್ಕೊಂಡು ಬರತ್ತೆ.

ಊರಿಂದ ಗಿಡ, ಬೀಜ ತರಬಹುದಾ?

ಗಿಡಕ್ಕೂ ಬೀಜಕ್ಕೂ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದ್ರೆ ರೋಗ, ಹುಳ ಇಲ್ಲ ಅಂತ ಅಲ್ಲಿನ ಸರ್ಕಾರ ಕೊಡೋ ಪತ್ರ ಬೇಕು, ಮಣ್ಣು ಅಂತೂ ಬಿಲ್ಕುಲ್ ಆಗಲ್ಲ. ಅಮ್ಮ ಬ್ಲೌಸ್ ಪೀಸಲ್ಲಿ ಸುತ್ತಿ ಕೊಟ್ಟಿರೋ ಕನಕಾಂಬರ ಬೀಜಾನೂ ಏರ್‌ಪೋರ್ಟಲ್ಲಿ ಡಿಕ್ಲೇರ್ ಮಾಡ್ಬೇಕು, ಮುಚ್ಚಿಟ್ಟು ಸಿಕ್ಕಿಬಿದ್ರೆ ದಂಡ. ಇಲ್ಲಿನ ಆನ್‌ಲೈನ್ ನರ್ಸರಿಗಳಲ್ಲಿ, ಅದರಲ್ಲೂ ಫ್ಲೋರಿಡಾ ಕಡೆಯವರ ಹತ್ರ, ಮಲ್ಲಿಗೆ, ಸಂಪಿಗೆ, ಪಾರಿಜಾತ ಎಲ್ಲ ಸಿಗತ್ತೆ.

ಲಾನಿಗೆ ಊರಿನ ತರ ಡಿಎಪಿ (ಫಾಸ್ಫರಸ್ ಇರೋ ಗೊಬ್ಬರ) ಹಾಕಿದ್ರೆ?

ಕಾನೂನು ಬಿಡಲ್ಲ. ಇಲ್ಲಿ ಕೆರೆಗಳಲ್ಲಿ ಪಾಚಿ ಬೆಳೆಯತ್ತೆ ಅಂತ ಲಾನಿಗೆ ಫಾಸ್ಫರಸ್ ಹಾಕೋದನ್ನ ತಡೆದಿದಾರೆ, ಗೊಬ್ಬರದ ಚೀಲದ ಮೇಲಿನ ಮೂರು ನಂಬರಲ್ಲಿ ಮಧ್ಯದ್ದು ಸೊನ್ನೆ ಇರ್ಬೇಕು. ಹೂವಿನ ಪಾತಿಗೆ, ಹೊಸದಾಗಿ ಹಾಕೋ ಲಾನಿಗೆ ವಿನಾಯ್ತಿ ಇದೆ.

ಕಾಡಲ್ಲಿ ಕಾಣೋ ಗುಲಾಬಿ ಬಿಳಿ ಚಪ್ಪಲಿ ತರದ ಹೂವು ಕಿತ್ಕೊಂಡು ಬರಬಹುದಾ?

ಅಯ್ಯೋ ಬೇಡ. ಅದು ಲೇಡೀಸ್ ಸ್ಲಿಪರ್ ಆರ್ಕಿಡ್, ಮಿನೆಸೋಟದ ರಾಜ್ಯ ಹೂವು, 1925ರಿಂದ ರಕ್ಷಣೆ ಇದೆ, ಕೀಳೋದು ಅಪರಾಧ. ಬೀಜದಿಂದ ಮೊದಲನೇ ಹೂವು ಬಿಡಕ್ಕೆ 16 ವರ್ಷದವರೆಗೂ ತಗೊಳತ್ತೆ. ಚಾಸ್ಕಾ ಹತ್ರ ಮಿನೆಸೋಟ ಯೂನಿವರ್ಸಿಟಿಯ ಲ್ಯಾಂಡ್‌ಸ್ಕೇಪ್ ಆರ್ಬೊರೇಟಂಗೆ (ಮರಗಿಡಗಳ ದೊಡ್ಡ ತೋಟ) ಹೋಗಿ, 1958ರಲ್ಲಿ ಶುರುವಾದ ಜಾಗ, ಇಲ್ಲಿನ ಚಳಿಗೆ ಯಾವ ಗಿಡ ನಿಲ್ಲತ್ತೆ ಅಂತ ಹೆಸರು ಸಮೇತ ನೋಡ್ಬೋದು. ಮೇ ಕೊನೇಲಿ ಹೋದ್ರೆ ನಾರ್ದರ್ನ್ ಲೈಟ್ಸ್ ಅಜೇಲಿಯ ಕಾಣತ್ತೆ, ಯೂನಿವರ್ಸಿಟಿಯವರೇ ಬೆಳೆಸಿ 1978ರಲ್ಲಿ ಹೊರಗೆ ಬಿಟ್ಟಿದ್ದು, ಮೈನಸ್ 30 ಫ್ಯಾರನ್‌ಹೀಟಲ್ಲೂ ಅದರ ಮೊಗ್ಗು ಜಗ್ಗಲ್ಲ. ಎಲೆ ಬರೋಕೂ ಮುಂಚೆ ಗಿಡ ಪೂರ್ತಿ ಗುಲಾಬಿ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಏನು ಮಾಡೋದು?

ಮುಂಬಾಗಿಲ ಕುಂಡದಲ್ಲಿ ಸ್ಪ್ರೂಸ್ ತುದಿ, ಕೆಂಪು ಡಾಗ್‌ವುಡ್ ಕಡ್ಡಿ, ಬರ್ಚ್ ಕೊಂಬೆ ಚುಚ್ಚಿ ನೀರು ಹಾಕಿ ಬಿಡಿ, ಮಣ್ಣು ಹೆಪ್ಪುಗಟ್ಟಿ ಅಲ್ಲಾಡದೆ ಮಾರ್ಚ್‌ವರೆಗೂ ನಿಲ್ಲತ್ತೆ, ಇಲ್ಲಿ ಬೀದಿ ಬೀದಿಲಿ ಇದೇ ಅಲಂಕಾರ. ಕುಂಡ ಪ್ಲಾಸ್ಟಿಕ್ ಇಲ್ಲ ಫೈಬರ್‌ಗ್ಲಾಸ್ ಇರಲಿ, ಮಣ್ಣಿನದು ಸೀಳತ್ತೆ.

ಜನವರೀಲಿ ಹಾಲಿನ ಗ್ಯಾಲನ್ ಕ್ಯಾನ್ ಮಧ್ಯಕ್ಕೆ ಕುಯ್ದು, ಕೆಳಗೆ ತೂತು ಮಾಡಿ, ನಾಲ್ಕು ಇಂಚು ಮಣ್ಣು ಹಾಕಿ, ಮಿಲ್ಕ್‌ವೀಡ್, ಕೋನ್‌ಫ್ಲವರ್ ಬೀಜ ಉದುರಿಸಿ, ಟೇಪ್ ಸುತ್ತಿ, ಮುಚ್ಚಳ ತೆಗೆದು ಸ್ನೋನಲ್ಲೇ ಇಟ್ಟುಬಿಡಿ. ಈ ಬೀಜಗಳು ಚಳಿ ತಾಗಿದ್ರೆ ಚೆನ್ನಾಗಿ ಮೊಳಕೆ ಒಡೀತವೆ. ಏಪ್ರಿಲ್‌ನಲ್ಲಿ ತಾನಾಗೇ ಬರತ್ತೆ, ಲೈಟು ಹೀಟು ಏನೂ ಬೇಡ.

ಗಿಡ ಅಗ್ಗಕ್ಕೆ ಯಾವಾಗ ಸಿಗತ್ತೆ?

ಸೆಪ್ಟೆಂಬರ್. ನರ್ಸರಿಗಳು ಅರ್ಧ ರೇಟಿಗೆ ಖಾಲಿ ಮಾಡ್ತಾರೆ, ಸೊರಗಿದ ಹಾಗೆ ಕಂಡ್ರೂ ಬೇರು ಬಿಳಿಯಾಗಿ ಗಟ್ಟಿ ಇದ್ರೆ ಹೋಸ್ಟಾ, ಡೇ ಲಿಲಿ, ಪಿಯೋನಿ ಎಲ್ಲ ಕಣ್ಮುಚ್ಚಿ ತಗೊಳಿ, ತಿಂಗಳ ಕೊನೆಯೊಳಗೆ ನೆಲಕ್ಕೆ ಹೋಗ್ಬೇಕು ಅಷ್ಟೇ. ಎವರ್‌ಗ್ರೀನ್ ಮಾತ್ರ ಅಕ್ಟೋಬರ್ ಕೊನೇಲಿ ಎಷ್ಟೇ ಅಗ್ಗಕ್ಕೆ ಕೊಟ್ರೂ ಬೇಡ, ಏಪ್ರಿಲ್‌ಗೆ ಕಂದು ಬಣ್ಣ ಗ್ಯಾರಂಟಿ.